ಎರಡು ಗಾಳಿಯ ದ್ವೀಪಕ್ಕೆ ನಮ್ಮ ಕಂಬಳಿ

ದೂರದ ಊರಿಗೆ ಮಾಲು ಒಯ್ದು ಮಾರಲು ಹೊರಟ ಹುಡುಗರು ಈಗಲೂ ಭಾಗ್ಯನಗರದ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂಡುತ್ತಾರೆ. “ಅಲ್ಲಿ ಧಾರಣಿ ಹೆಂಗ ಐತ್ರಿ, ಅಜ್ಜಾರ?” ಎಂಬುದೇ ಅವರ ಮೊದಲ ಪ್ರಶ್ನೆ. “ನೀ ಹೋಗೋ ತಿಂಗಳಿನ್ಯಾಗ ಅಲ್ಲಿ ಗಾಳಿ ಯಾವ ಕಡಿಂದ ಬೀಸತೈತಿ?” ಎಂದು ನಾನು ತಿರುಗಿ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮುದುಕನಿಗೆ ಕಿವಿ ಕೇಳಿಸಲಿಲ್ಲವೆಂದು ಒಬ್ಬ ಅದೇ ಪ್ರಶ್ನೆಯನ್ನು ಇನ್ನಷ್ಟು ಜೋರಾಗಿ ಕೂಗಿದ್ದೂ ಉಂಟು. ಧಾರಣೆಯನ್ನು ಹೋದ ದಿನವೇ ತಿಳಿಯಬಹುದು, ಬಾಯಿದ್ದರೆ ಸಾಕು. ಗಾಳಿ ತಿಳಿಯಲು ನನಗೆ ಒಂದು ವರ್ಷದ ಮೇಲೆ ಹಿಡಿಯಿತು. ಅಷ್ಟು ದಿನ ಒಂದು ಓಣಿಯ ಮಗ್ಗಗಳೆಲ್ಲ ನನ್ನ ಅಜ್ಞಾನದ ಮೇಲೆ ನಿಂತಿದ್ದವು. ಅದನ್ನೇ ಇಲ್ಲಿ ಬರೆಯುತ್ತೇನೆ.

ಮೂವತ್ತರ ದಶಕದ ಮಾತು. ಕೊಪ್ಪಳದ ಸಾಹುಕಾರ ಗುರುಬಸಪ್ಪನವರ ಕಂಬಳಿ ಅಂಗಡಿಯಲ್ಲಿ ನಾನು ಪೆಂಡಿ ಕಟ್ಟುವ ಕೆಲಸಕ್ಕೆ ಸೇರಿದವನು. ಸಾಲೆ ಕಲಿತದ್ದು ನಾಲ್ಕನೆಯ ಜಮಾತಿನವರೆಗೆ. ಉಳಿದದ್ದೆಲ್ಲ ಕುಷ್ಟಗಿ, ಯಲಬುರ್ಗಾ ಸಂತೆಗಳು ಕಲಿಸಿದ್ದು. ಗಿರಾಕಿಗಳ ಜೊತೆ ನಾನು ಜಗ್ಗಾಡುವುದನ್ನು ನೋಡಿ ಸಾಹುಕಾರರು ಮೊದಲು ಖರೀದಿಗೆ, ಆಮೇಲೆ ಹೊರಗಿನ ಮಾರಾಟಕ್ಕೆ ಕಳಿಸತೊಡಗಿದರು.

ಖರೀದಿಗೆ ಹೋಗುತ್ತಿದ್ದ ಹಳ್ಳಿಗಳಲ್ಲಿ ಯಲಬುರ್ಗಾ ಕಡೆಯದೊಂದು ನನಗೆ ಬಹಳ ಬೇಕಾದದ್ದು. ಅಲ್ಲಿ ಬೀರಪ್ಪ ಎಂಬ ಹಿರಿಯ ನೇಕಾರರಿದ್ದರು. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ. ಅವರ ಓಣಿಯಲ್ಲಿ ಹನ್ನೊಂದು ಮಗ್ಗಗಳಿದ್ದವು. ಗಿರಣಿಯ ಬಣ್ಣದ ಹೊದಿಕೆಗಳು ಸಂತೆಗೆ ಬಂದ ಮೇಲೆ ಎರಡು ಮನೆಯವರು ಬಾಗಿಲಿಗೆ ಬೀಗ ಹಾಕಿ ಗದಗಿನ ಹತ್ತಿ ಕೆಲಸಕ್ಕೆ ಹೋಗಿದ್ದರು. ಉಳಿದ ಒಂಬತ್ತು ಮಗ್ಗಗಳೂ ಬಿಟ್ಟು ಬಿಟ್ಟು ನಡೆಯುತ್ತಿದ್ದವು.

ಆಗ ಸಾಹುಕಾರರಿಗೆ ಸಿಂಹಳ ದ್ವೀಪದ ಸುದ್ದಿ ಬಂತು. ಅಲ್ಲಿಯ ಗುಡ್ಡಗಳ ಮೇಲೆ ಚಹಾ ತೋಟಗಳು. ನಮ್ಮ ದೇಶದಿಂದ ಹೋದ ಕೂಲಿ ಹೆಣ್ಣುಮಕ್ಕಳು ಮಳೆಯಲ್ಲಿ ಕಂಬಳಿ ಹೊದ್ದು ಎಲೆ ಕೀಳುತ್ತಾರೆ. ಬಳ್ಳಾರಿ ಕಡೆಯ ವ್ಯಾಪಾರಿಗಳು ಆಗಲೇ ಮಾಲು ಕಳಿಸುತ್ತಿದ್ದರು. ಸಾಹುಕಾರರು ನನ್ನನ್ನೂ ಬೀರಪ್ಪ ಕಾಕಾನನ್ನೂ ಎದುರಿಗೆ ಕೂಡಿಸಿಕೊಂಡು ಬಿಚ್ಚಿ ಹೇಳಿದರು: “ನೋಡು ಬೀರಪ್ಪಾ, ದ್ವೀಪದವರು ಒಪ್ಪಿದ್ರ ನಿನ್ನ ಓಣಿ ಮಾಲೆಲ್ಲಾ ನಾನ ಎತ್ತತೀನಿ. ಒಪ್ಪಲಿಲ್ಲಂದ್ರ ನನ್ನ ಕಡಿಂದ ಆಗೂದಿಲ್ಲ. ಅಂಗಡ್ಯಾಗ ಇಲಿ ಸಾಕಾಕ ಕಂಬಳಿ ಇಡಲೇನು?”

ಕಾಕಾ ಸ್ಟೇಷನ್ನಿನವರೆಗೆ ಬಂದು ನನ್ನನ್ನು ಕಳಿಸಿಕೊಟ್ಟರು. “ರಾವಣನ ಊರಿಗೆ ಹೊಂಟೀದಿ ತಮ್ಮಾ. ಹನುಮಪ್ಪನಂಗ ಬಾಲಕ್ಕ ಬೆಂಕಿ ಹಚ್ಚಿಸ್ಕೊಂಡು ಬರಬ್ಯಾಡ” ಎಂದು ನಕ್ಕರು. ನಗುವಾಗಲೂ ಅವರ ಕೈ ಪೆಂಡಿಯ ಮೇಲೆಯೇ ಇತ್ತು.

ಜೂನ್ ತಿಂಗಳು. ಧನುಷ್ಕೋಡಿಯಿಂದ ಹಡಗು ಹತ್ತಿ ತಲೈಮನ್ನಾರಿನಲ್ಲಿ ಇಳಿದೆ. ನಮ್ಮ ಕಡೆಯ ಬೇಸಿಗೆಯೇ ವಾಸಿ ಎನ್ನುವಂಥ ಸೆಕೆ. ಕೊಲಂಬೊದಲ್ಲಿ ಅಂಗಿ ಮೈಗೆ ಅಂಟಿ ಚರ್ಮದಂತಾಯಿತು. ಈ ಉರಿಯಲ್ಲಿ ಕಂಬಳಿ ಯಾರು ಕೊಳ್ಳುತ್ತಾರೆಂದು ಸಾಹುಕಾರರ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದೆ. ಮರುದಿನ ರೈಲು ಗುಡ್ಡ ಹತ್ತತೊಡಗಿತು. ಮೊದಲು ಬೆವರು ಆರಿತು, ಆಮೇಲೆ ಕಿಟಕಿ ಮುಚ್ಚಿದೆ, ಹಟ್ಟನ್ ಸ್ಟೇಷನ್ನಿನಲ್ಲಿ ಇಳಿದಾಗ ಹಲ್ಲು ಕಟಕಟ ಎನ್ನುತ್ತಿದ್ದವು. ನೂರು ಕಂಬಳಿ ಮಾರಲು ಬಂದವನ ಮೈಮೇಲೆ ಒಂದು ತೆಳು ಅಂಗಿ, ಒಂದು ಧೋತರ. ನನ್ನ ಪೆಂಡಿಯನ್ನು ನಾನೇ ಬಿಚ್ಚಿ ಹೊದ್ದುಕೊಂಡೆ. ನನ್ನ ಮೊದಲ ಗಿರಾಕಿ ನಾನೇ.

ಆದ್ದರಿಂದ ಗುಡ್ಡದ ದ್ವೀಪಕ್ಕೆ ಹೋಗುವ ಹುಡುಗರಿಗೆ ಮೊದಲ ಮಾತು. ಅಲ್ಲಿ ತಿಂಗಳಿಗಿಂತ ಎತ್ತರ ಕೇಳಿರಿ. ಸಮುದ್ರದ ಬದಿಯಲ್ಲಿ ವರ್ಷವಿಡೀ ಒಂದೇ ಸೆಕೆ, ಪುಷ್ಯಕ್ಕೂ ವೈಶಾಖಕ್ಕೂ ಹೆಚ್ಚು ಅಂತರವಿಲ್ಲ. ಆದರೆ ಒಂದೇ ಹಗಲಿನಲ್ಲಿ ನೀವು ಬೇಸಿಗೆಯಿಂದ ಚಳಿಗಾಲಕ್ಕೆ ಹತ್ತಿಬಿಡುತ್ತೀರಿ. ದಪ್ಪ ಬಟ್ಟೆಯನ್ನು ಪೆಟ್ಟಿಗೆಯ ತಳದಲ್ಲಿ ಇಡಬೇಡಿ, ಮೇಲೆಯೇ ಇಡಿ.

ತೋಟದಲ್ಲಿ ಕೂಲಿಗಳ ಮೇಲೆ ಕಂಗಾಣಿ ಎಂಬ ಮುಖಂಡನಿರುತ್ತಾನೆ. ನನಗೆ ಸಿಕ್ಕ ಕಂಗಾಣಿ ಮುನಿಯಪ್ಪ ಹೊಸೂರು ಕಡೆಯವನು, ಕನ್ನಡ ಬಲ್ಲವನು. ಅವನೆದುರು ನಮ್ಮ ಸಂತೆಯ ಆಟವನ್ನೇ ಆಡಿದೆ. ನಮ್ಮಲ್ಲಿ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ನೇಯುವ ಮೊದಲು ಹಾಸಿನ ನೂಲಿಗೆ ಒಮ್ಮೆ, ನೇಯ್ದು ಮುಗಿದ ಮೇಲೆ ಮತ್ತೊಮ್ಮೆ. ಕಂಬಳಿ ತಗಡಿನಂತೆ ಬಿರುಸಾಗುತ್ತದೆ. ನೆಲದ ಮೇಲೆ ತಾನಾಗಿ ನಿಂತರೆ ಅದು ಒಳ್ಳೆಯ ಮಾಲು. ನಾನು ನಿಲ್ಲಿಸಿದೆ. ಮೇಲೆ ಒಂದು ಚೊಂಬು ನೀರು ಸುರಿದೆ, ಮುತ್ತಿನಂತೆ ಜಾರಿಹೋಯಿತು.

“ಭೇಷ್ ಸಾಮಿ, ಇದು ಕಂಬ್ಳಿನೋ ಕೊಡೆನೋ?” ಎಂದ ಮುನಿಯಪ್ಪ. ನೂರನ್ನೂ ಇಳಿಸಿಕೊಂಡ.

ಹತ್ತು ದಿನ ಬೇರೆ ತೋಟಗಳನ್ನು ಸುತ್ತಿ ತಿರುಗಿ ಬಂದರೆ, ಕೂಲಿಗಳ ಸಾಲುಮನೆಗಳ ಮುಂದೆಯೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಮುತ್ತಮ್ಮ ಎಂಬ ಎಲೆ ಕೀಳುವ ಹೆಂಗಸು ಕಂಬಳಿಯನ್ನು ತಂದು ನನ್ನ ಕಾಲ ಬಳಿ ಹಾಕಿದಳು. ಅದರ ಮೇಲೆ ಬಿಳಿ ಬೂಸರು, ಮುಟ್ಟಿದರೆ ಲೋಳೆ. ಅವಳ ಕುತ್ತಿಗೆ ಉಜ್ಜಿ ಕೆಂಪಾಗಿತ್ತು. ತಮಿಳಿನಲ್ಲಿ ಏನೋ ಅಂದಳು. ಸುತ್ತಲಿದ್ದ ಹೆಂಗಸರು ನಕ್ಕರು.

“ಏನಂದಳು?” ಎಂದೆ.

“ಹಳಸಿದ ಗಂಜಿ ಕುಡಿಯೋದು ಗೊತ್ತು, ಹೊದ್ಕೊಳ್ಳೋದು ಇವತ್ತೇ ಕಲಿತೆ ಅಂತಾವ್ಳೆ” ಎಂದ ಮುನಿಯಪ್ಪ. ಅವನು ನಗಲಿಲ್ಲ. “ಎಂಟು ದಿನದಿಂದ ಸೂರ್ಯ ಕಂಡಿಲ್ಲ ಸಾಮಿ. ಎಲ್ಲಿ ಒಣಗಿಸ್ತಾರೆ?”

ನಮ್ಮ ಕಡೆ ಮಳೆ ಬರುತ್ತದೆ, ಹೊಡೆಯುತ್ತದೆ, ಹೋಗುತ್ತದೆ. ತೊಯ್ದ ಕಂಬಳಿಯನ್ನು ಬಂಡೆಯ ಮೇಲೆ ಹಾಸಿದರೆ ಊಟ ಮುಗಿಯುವುದರೊಳಗೆ ಗರಿಗರಿ. ಅಲ್ಲಿ ಮಳೆ ಬಂದು ಕೂಡುತ್ತದೆ. ಮೋಡ ಮನೆಯೊಳಗೇ ನುಗ್ಗುತ್ತದೆ, ಒಲೆಯ ಮುಂದಿನ ಉಪ್ಪೂ ನೀರಾಗುತ್ತದೆ. ನಮ್ಮ ಗಂಜಿ ಒಂದು ಮಳೆಯನ್ನು ತಡೆಯುತ್ತದೆ, ಎಂಟು ದಿನದ ಜಿನುಗನ್ನು ತಡೆಯುವುದಿಲ್ಲ. ಇದು ನಮ್ಮ ಬಯಲುಸೀಮೆಯವರು ಮಾತ್ರ ಮಾಡುವ ತಪ್ಪು. ನೀರು ಜಾರಿಸಿ ತೋರಿಸಿದಾಗ ನಾನು ಮೋಸ ಮಾಡಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಮುತ್ತಮ್ಮನ ಕುತ್ತಿಗೆಗೆ ಆ ಮಾತು ಏನು ಔಷಧವಾದೀತು?

ತೋಟದ ದೊರೆ ಇಂಗ್ಲೆಂಡಿನವನು, ಕಡಿಮೆ ಮಾತಿನವನು. ಗಿರಣಿಯ ಹೊದಿಕೆಯ ತುಂಡೊಂದು ಅವನ ಮೇಜಿನ ಮೇಲೆ ಆಗಲೇ ಬಿದ್ದಿತ್ತು. ನೂರು ಕಂಬಳಿಯನ್ನೂ ಹಿಂದಕ್ಕೆ ಒಯ್ಯುವೆನೆಂದು ಮುನಿಯಪ್ಪನ ಮೂಲಕ ನಾನೇ ಮೊದಲು ಹೇಳಿದೆ. ಹುಡುಗರೇ, ಮಾಲು ಕೆಟ್ಟಾಗ ಗಿರಾಕಿ ಬಾಯಿ ತೆರೆಯುವ ಮೊದಲೇ ನೀವು ಎತ್ತಿಕೊಳ್ಳಿ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ. “ಜನವರಿಯಲ್ಲಿ ಬಂದು ಮುಖ ತೋರಿಸು” ಎಂದಷ್ಟೇ ದೊರೆ ಹೇಳಿದ. ಅಷ್ಟು ಸಂದು ನನಗೆ ಸಾಕಿತ್ತು.

ಆದರೆ ಹುಳಿ ಬಂದ ನೂರು ಕಂಬಳಿ ಎಲ್ಲಿಗೆ ಒಯ್ಯಲಿ? ರೈಲು ಇನ್ನೂ ಮುಂದೆ, ಬದುಲ್ಲದ ಕಡೆಗೆ ಹೋಗುತ್ತದೆಂದು ತಿಳಿದು ಅದನ್ನೇ ಹತ್ತಿದೆ. ಗುಡ್ಡದ ನೆತ್ತಿಯಲ್ಲಿ ಒಂದು ಸುರಂಗವಿದೆ. ಒಳಗೆ ಹೋಗುವಾಗ ಜಡಿಮಳೆ, ಕಿಟಕಿಯ ಗಾಜಿನ ಮೇಲೆ ನೀರಿನ ಕಾಲುವೆ. ಹೊರಗೆ ಬಂದರೆ ಬಿಸಿಲು! ಒಣ ಹುಲ್ಲು, ದೂಳೆಬ್ಬಿಸುವ ಗಾಳಿ. ನಮ್ಮ ಹೇಮಗುಡ್ಡ ಹತ್ತಿ ನಿಂತರೆ ಈ ಬದಿಗೂ ಆ ಬದಿಗೂ ಒಂದೇ ಬಿಸಿಲು. ಇಲ್ಲಿ ಗುಡ್ಡ ಒಂದೇ, ಕಾಲ ಎರಡು. ಎದುರು ಕುಳಿತಿದ್ದ ಮುದುಕನ ತೋಳು ಹಿಡಿದು “ಇದೇನ್ರಿ ಇದು?” ಎಂದುಬಿಟ್ಟೆ. ಅವನಿಗೆ ನನ್ನ ಭಾಷೆ ಬರದು. ಗುಟುಕು ಗುಟುಕಾಗಿ ಹಾಲು ಕುಡಿದವನಂತೆ ನಕ್ಕ. ಎಷ್ಟು ಜನ ಹೊಸಬರು ಅವನ ತೋಳು ಹಿಡಿದಿದ್ದರೋ!

ಬಂಡಾರವೆಲದ ಹತ್ತಿರ ಒಂದು ಹಳ್ಳದ ದಂಡೆಯಲ್ಲಿ ಹತ್ತು ದಿನ ಬೀಡುಬಿಟ್ಟೆ. ಹಂಡೆಯಲ್ಲಿ ನೀರು ಕಾಯಿಸಿ ಕಂಬಳಿಗಳನ್ನು ನೆನೆಹಾಕಿ ಕಾಲಿನಿಂದ ತುಳಿದೆ. ಗಂಜಿಯೆಲ್ಲ ಬಿಟ್ಟು ಹೋಯಿತು. ಒಣಗಿಸಿ ನೋಡಿದರೆ ಪ್ರತಿಯೊಂದೂ ಒಂದು ಗೇಣು ಕುಗ್ಗಿದೆ, ಆದರೆ ಉಣ್ಣೆ ಒಂದಕ್ಕೊಂದು ಹೆಣೆದುಕೊಂಡು ದಟ್ಟವಾಗಿದೆ, ಮೆತ್ತಗಾಗಿದೆ. ನಿಲ್ಲಿಸಿದರೆ ಸೊಪ್ಪಿನಂತೆ ಕುಸಿಯುತ್ತದೆ. ನಮ್ಮ ಸಂತೆಯಲ್ಲಿ ಯಾರೂ ಮೂಸುವುದಿಲ್ಲ. ಆ ಬದಿಯ ಕೂಲಿಗಳಿಗೆ ಸಿಕ್ಕಷ್ಟಕ್ಕೆ ಕೊಟ್ಟೆ. “ಇಲ್ಲಿ ಮಳೆಯೇ ಇಲ್ಲವಲ್ಲ, ಗಾಳಿಗೆ ಆಗುತ್ತದೆ” ಎಂದು ದೊಡ್ಡ ಜಾಣನಂತೆ ಹೇಳಿದೆ.

ಊರಿಗೆ ಬಂದಾಗ ಕಾಕಾ ನನ್ನ ಮುಖ ನೋಡಿ ಮಗ್ಗದ ಕುಣಿಗೆ ಇಳಿದು ಕೂತರು. ಆ ಚಳಿಗಾಲದಲ್ಲಿ ಇನ್ನೊಂದು ಮಗ್ಗ ನಿಂತಿತು.

ಜನವರಿಯಲ್ಲಿ ಮತ್ತೆ ಹೋದೆ. ಮುನಿಯಪ್ಪನ ತೋಟದಲ್ಲಿ ಆಗ ನಿರ್ಮಲ ಆಕಾಶ. ಅಲ್ಲಿಂದ ಇನ್ನೂ ಎತ್ತರದ ನುವಾರಾ ಎಲಿಯದಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದಂತೆ ಬಿಳುಪು. ಬಾಗಿ ನಾಲಿಗೆಗೆ ಇಟ್ಟುಕೊಂಡೆ, ಹಿಮ! ಬಿಸಿಲೇರಿದ ಮೇಲೆ ಕರಗಿತು, ಮಧ್ಯಾಹ್ನಕ್ಕೆ ಅಂಗಿಯೇ ಭಾರವಾಯಿತು. ದೊರೆಗೆ ಮುಖ ತೋರಿಸುವ ಮೊದಲು ಆ ಬದಿಗೆ ಕೊಟ್ಟ ಕಂಬಳಿಗಳ ಗತಿ ನೋಡೋಣವೆಂದು ಸುರಂಗ ದಾಟಿದೆ. ಈ ಸಲ ಎಲ್ಲ ತಿರುವುಮುರುವು: ಹಟ್ಟನ್ ಬದಿಗೆ ಬಿಸಿಲು, ಮಳೆಯೇ ಇಲ್ಲವೆಂದು ನಾನು ಸಾರಿದ್ದ ಬದಿಗೆ ಧೋ ಎಂಬ ಮಳೆ. ಮಣ್ಣು ಕುಸಿದು ದಾರಿ ಕಟ್ಟಿತ್ತು. ನನ್ನ ಕಂಬಳಿ ಕೊಂಡವರು ಎದುರಾದರೆ ಏನು ಹೇಳಲಿ?

ಎದುರಾದರು. ಅವೇ ಕಂಬಳಿ ಹೊದ್ದಿದ್ದರು. ಒಂದನ್ನು ಕೈಗೆ ತೆಗೆದುಕೊಂಡು ಮೂಸಿದೆ. ಬರೀ ಉಣ್ಣೆಯ ವಾಸನೆ. ಹೊರಗೆ ತೊಯ್ದಿತ್ತು, ಒಳಗೆ ಬೆಚ್ಚಗಿತ್ತು. ಹೆಚ್ಚು ಬೆಲೆಗೆ ಅದನ್ನು ತಿರುಗಿ ಕೊಂಡು ನೇರ ದೊರೆಯ ಬಳಿ ಓಡಿದೆ.

ದೊರೆ ಹಿಂದೆ ಮುಂದೆ ತಿರುಗಿಸಿ ನೋಡಿ ಕರಾರು ಹೇಳಿದ. ಹಟ್ಟನ್ ಬದಿಯ ಮಳೆ ಇದಕ್ಕಿಂತ ಉದ್ದ. ಇಂಥವು ನಲವತ್ತು ತರಬೇಕು. ಮೇ ಕೊನೆಯಿಂದ ಸೆಪ್ಟೆಂಬರಿನವರೆಗೆ ಹೆಂಗಸರು ಹೊದೆಯಲಿ. ಆಮೇಲೆ ನಲವತ್ತನ್ನೂ ಒಟ್ಟಿಗೆ ತರಿಸಿ ನೋಡುತ್ತೇನೆ. ಚೆನ್ನಾಗಿದ್ದರೆ ವರ್ಷವರ್ಷ ನಿಮ್ಮಿಂದಲೇ, ಇಲ್ಲದಿದ್ದರೆ ಗಿರಣಿಯದು. ಊರಿಗೆ ಬಂದು ಹೇಳಿದಾಗ ಸಾಹುಕಾರರೂ ಅದನ್ನೇ ಕೊನೆಯ ಗಡುವು ಮಾಡಿದರು.

ಕಠಿಣ ಕೆಲಸ ಈಗ ಶುರುವಾಯಿತು. ಕಾಕಾನನ್ನು ಒಪ್ಪಿಸಬೇಕಲ್ಲ!

“ಗಂಜಿ ತೊಳದ ಕಂಬಳಿನ? ಬೆನ್ನೆಲಬು ತಗದು ಮನಿಶ್ಯಾನ್ನ ನಿಂದರಸಂದಂಗ ಆತಲ್ಲೋ! ನಮ್ಮಪ್ಪ ಕೇಳಿದ್ರ ಗೋರಿಂದ ಎದ್ದು ಬರತಿದ್ದ.”

“ಹಾಸಿನ ನೂಲಿಗೆ ಗಂಜಿ ಹಚ್ಚಿ ನೇಯಿ, ಕಾಕಾ. ನೇಯ್ದ ಮ್ಯಾಲ ಬಿಸಿನೀರಾಗ ತುಳದು ತಗಿ. ಒಂದ ಗೇಣು ಕುಗ್ಗತೈತಿ, ಅಷ್ಟು ಹೆಚ್ಚಿಗಿ ನೇಯಬೇಕು.”

“ಹೆಚ್ಚಿಗಿ ನೇಯ್ದು, ತುಳದು, ಸಣ್ಣದು ಮಾಡೂದು! ಬುದ್ಧಿ ಅಲ್ಲೇ ಹಡಗದಾಗ ಬಿಟ್ಟು ಬಂದೀಯೇನು?”

ನಾನು ತೊಳೆಯದೆ ಬಿಟ್ಟಿದ್ದ ಒಂದು ಹುಳಿ ಕಂಬಳಿಯನ್ನು ಚೀಲದಿಂದ ತೆಗೆದು ಅವರ ತೊಡೆಯ ಮೇಲಿಟ್ಟೆ. ಮೂಸಿ ನೋಡಿ ಮುಖ ಹಿಂದಕ್ಕೆ ಸರಿಸಿದರು. ತಾವೇ ನೇಯ್ದ ಅಂಚೆಂದು ಗುರುತು ಸಿಕ್ಕಿತು. “ಇದನ್ನ ಯಾರಾರ ಹೊತಗೊಂಡಿದ್ರೇನು?” ಎಂದರು. ಮುತ್ತಮ್ಮನ ಕುತ್ತಿಗೆಯ ಮಾತು ಹೇಳಿದೆ. ಆ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದರು.

ಒಳಗಿನಿಂದ ಅವರ ಹೆಂಡತಿ ಗಂಗವ್ವ ಚಿಗವ್ವ ಬಂದರು. “ಹುಣಸಿ ಬೀಜ ಹುರದು, ಬೀಸಿ, ಕುದಿಸಿ ನನ್ನ ರಟ್ಟಿ ಬಿದ್ದು ಹೋಗ್ಯಾವ. ಒಂದ ಕೈ ಗಂಜಿ ಉಳಿತೈತಿ ಅಂದ್ರ ನಾನ ತುಳೀತೀನಿ, ನೀ ಸರಿ ಅತ್ತಾಗ” ಎಂದರು. ತೀರ್ಪು ಅಲ್ಲಿಗೆ ಆಯಿತು. ಬೇಸಿಗೆಯಲ್ಲಿ ಆ ಹಳ್ಳಿಯಲ್ಲಿ ಕುಡಿಯುವ ನೀರಿಗೇ ತತ್ವಾರ. ನಲವತ್ತು ಕಂಬಳಿಯನ್ನೂ ಹಂಡೆಗಳನ್ನೂ ಗಾಡಿಗೆ ಹೇರಿಕೊಂಡು ತುಂಗಭದ್ರೆಯ ದಂಡೆಗೆ ಹೋದೆವು. ಎಂಟು ಮನೆಯ ಗಂಡಸರು ಹೆಂಗಸರು ಸಾಲಾಗಿ ನಿಂತು ತುಳಿದರು.

ಸಾಹುಕಾರರು ಇನ್ನೊಂದು ಕೊಕ್ಕೆ ಹಾಕಿದರು. ಅವರು ಎಲ್ಲವನ್ನೂ ನಮ್ಮ ಮಳೆ ನಕ್ಷತ್ರದ ಮೇಲೆ, ಅದರಲ್ಲೂ ಜೂನಿನ ಮಿರಗ ಅಂದರೆ ಮೃಗಶಿರಾ ಮಳೆಯ ಮೇಲೆ ಅಳೆಯುವವರು. “ಮಿರಗ ಕೂಡಲಿ, ಆಮ್ಯಾಲ ಮಾಲು ಕಳಸೂಣು. ಬ್ಯಾಸಿಗ್ಯಾಗ ಕಂಬಳಿ ಹೊತ್ಕೊಂಡು ಹೊಂಟ್ರ ಊರ ಮಂದಿ ನನ್ನ ಅಂಗಡೀಗಿ ಹುಚ್ಚರ ಸಂತಿ ಅಂತಾರ.”

ನಾನು ಕಂಬಳಿ ಪೆಂಡಿಗಳನ್ನು ಅಂಗಡಿಯ ನಡುವೆ ಗುಡ್ಡದಂತೆ ಒಟ್ಟಿದೆ. ಒಂದು ಬದಿಯಲ್ಲಿ ಹೊಟ್ಟು ಸುರಿದು ಬೀಸಣಿಗೆಯಿಂದ ಗಾಳಿ ಹಾಕಿದೆ. ಹೊಟ್ಟೆಲ್ಲ ಈ ಬದಿಗೇ ಬಡಿದು ನಿಂತಿತು, ಆ ಬದಿಗೆ ದಾಟಲಿಲ್ಲ. “ಇದು ನೈಋತ್ಯದ ಗಾಳಿ, ಸಾಹುಕಾರ್ರ. ಸಮುದ್ರದ ನೀರೆಲ್ಲಾ ಈ ಬದಿಗೇ ಇಳಸತೈತಿ. ನಮ್ಮ ಮಿರಗಕ್ಕಿಂತ ಮೊದಲ ಅಲ್ಲಿ ಕೂಡತೈತಿ.” ಎದ್ದು ಆ ಬದಿಗೆ ಹೋಗಿ ಬೀಸಿದೆ. “ಇದು ಈಶಾನ್ಯದ್ದು. ನಮ್ಮ ದೀಪಾವಳಿ ಮುಗದ ಮ್ಯಾಲ ಆ ಬದಿಗೆ ಸುರೂ.” ಹೊಟ್ಟು ಹಾರಿ ಸಾಹುಕಾರರ ಮೀಸೆಗೂ ಅಂಟಿತು. “ಸಾಕು, ಸಾಕು! ನನ್ನ ಮ್ಯಾಲೂ ಮಳಿ ಸುರಸಬ್ಯಾಡ. ಒಯ್ಯಿ” ಎಂದರು.

ಏಪ್ರಿಲಿನಲ್ಲಿ ಮಾಲು ಮುಟ್ಟಿಸಿದೆ. ಆ ತಿಂಗಳು ಅಲ್ಲಿ ಎರಡೂ ಗಾಳಿ ಇರುವುದಿಲ್ಲ. ಬೆಳಿಗ್ಗೆ ಬಂಗಾರದಂಥ ಬಿಸಿಲು, ಮಧ್ಯಾಹ್ನವಾದ ಮೇಲೆ ಗುಡುಗು ಸಿಡಿಲು. ಅಕ್ಟೋಬರಿನಲ್ಲಿಯೂ ಹಾಗೆಯೇ. ಆ ದಿನಗಳಲ್ಲಿ ಗುಡ್ಡ ತಿರುಗುವವರು ನಸುಕಿನಲ್ಲಿ ಹೊರಟು ಊಟದ ಹೊತ್ತಿಗೆ ಸೂರು ಸೇರಬೇಕು. ಮಧ್ಯಾಹ್ನ ಬೋಳುಗುಡ್ಡದ ಮೇಲೆ ಇರಬಾರದು. ಹಸಿ ಹುಲ್ಲಿನ ದಾರಿಯಲ್ಲಿ ಜಿಗಣೆಗಳಿರುತ್ತವೆ, ಕಾಲಿಗೆ ಸುಣ್ಣ ಹಚ್ಚಿಕೊಳ್ಳಿ. ಉಳಿದ ಯಾವ ತಿಂಗಳಾದರೂ ಆ ದ್ವೀಪದಲ್ಲಿ ಒಂದು ಬದಿ ನಿಮಗೆ ಒಣಗಿಯೇ ಸಿಗುತ್ತದೆ.

ಮಳೆಗಾಲದ ಆ ನಾಲ್ಕು ತಿಂಗಳು ನನಗೆ ಊಟ ರುಚಿಸಲಿಲ್ಲ. ಸೆಪ್ಟೆಂಬರ್ ಕೊನೆಗೆ ಹೊರಟಾಗ ಕಾಕಾ ತಾವೂ ಬರುತ್ತೇನೆಂದು ಹಟ ಹಿಡಿದರು. “ನನ್ನ ಕೈ ಕೆಲಸಾನ ನಾನ ನೋಡತೀನಿ. ಕೆಟ್ಟಿದ್ರ ನಾನ ಕೇಳತೀನಿ.” ಕೊಲಂಬೊದ ಸೆಕೆಯಲ್ಲಿಯೂ ಹೆಗಲ ಮೇಲಿನ ಕಂಬಳಿ ತೆಗೆಯಲಿಲ್ಲ. ಹಟ್ಟನ್ನಿನಲ್ಲಿ ಇಳಿದು ಅದನ್ನು ಮೈತುಂಬ ಎಳೆದುಕೊಂಡು, ನಡುಗುತ್ತಿದ್ದ ನನ್ನನ್ನು ನೋಡಿ, “ಈ ಸಲಾನೂ ಮರತೀಯೇನು, ಜಾಣಾ?” ಎಂದರು.

ತೋಟದ ಕಚೇರಿಯ ಪಡಸಾಲೆಯಲ್ಲಿ ಮುನಿಯಪ್ಪ ಕಂಬಳಿಗಳನ್ನು ಒಟ್ಟಿಸಿದ್ದ. ದೊರೆ ಒಂದೊಂದನ್ನೂ ಬಿಚ್ಚಿಸಿ ನೋಡಿದ. ಕೆಲವು ಚಹಾ ಗಿಡದ ಕಡ್ಡಿಗೆ ಸಿಕ್ಕಿ ಹರಿದಿದ್ದವು, ಒಂದಕ್ಕೆ ಒಲೆಯ ಕಿಡಿ ಬಿದ್ದಿತ್ತು. ಹುಳಿ ಒಂದರಲ್ಲೂ ಇರಲಿಲ್ಲ. ಆದರೆ ಮೂವತ್ತೊಂಬತ್ತೇ ಇದ್ದವು. “ಇನ್ನೊಂದು?” ಎಂದ ದೊರೆ. ಮುನಿಯಪ್ಪ ತಲೆ ಕೆರೆದುಕೊಂಡ.

“ಮುತ್ತಮ್ಮ ತರ್ಲಿಲ್ಲ ಸಾಮಿ. ಮೂರು ದಿನದಿಂದ ಕೇಳ್ತಾ ಇವ್ನಿ, ಬಾಗಿಲೇ ತೆಗೆಯಲ್ಲ ಅಂತಾಳೆ.”

ಕೆಟ್ಟದ್ದನ್ನು ನಾವೇ ಬಚ್ಚಿಡಿಸಿದ್ದೇವೆಂದು ದೊರೆಗೆ ಅನ್ನಿಸಿರಬೇಕು. ಟೊಪ್ಪಿ ಹಾಕಿಕೊಂಡು ಎದ್ದ. ನಾವು ಮೂವರೂ ಅವನ ಹಿಂದೆ ಸಾಲುಮನೆಗಳ ಕಡೆಗೆ ನಡೆದೆವು. ಮಳೆ ಜಿನುಗತೊಡಗಿತು. ಅವಳ ಕಂಬಳಿ ಕೊಳೆತಿದ್ದರೆ ಅಲ್ಲಿಗೆ ಮುಗಿಯಿತು, ಎಂಟು ಮನೆ ಗದಗಿನ ದಾರಿ ಹಿಡಿಯಬೇಕು.

ಮುನಿಯಪ್ಪ ಕೂಗಿದ ಮೇಲೆ ಬಾಗಿಲು ತೆರೆಯಿತು. ಮುತ್ತಮ್ಮ ಹೊಸಿಲ ಮೇಲೆ ಅಡ್ಡ ನಿಂತಳು. ಕಂಬಳಿ ಅವಳ ಮೈಮೇಲೆಯೇ ಇತ್ತು, ಒಳಗೆ ಎರಡು ತಿಂಗಳ ಕೂಸು. ಎರಡೂ ಕೈಯಿಂದ ಅಂಚನ್ನು ಬಿಗಿಹಿಡಿದು ನನ್ನನ್ನೇ ನೋಡಿ ಗಡಗಡ ಮಾತಾಡಿದಳು.

ಮುನಿಯಪ್ಪ ಕನ್ನಡದಲ್ಲಿ ನಮಗೂ, ಇಂಗ್ಲಿಷಿನಲ್ಲಿ ದೊರೆಗೂ ಹೇಳಿದ: “ಹೋದ ವರ್ಷ ಇವನೇ ಬಂದು ಎಲ್ಲಾರ್ದೂ ಹೊತ್ಕೊಂಡು ಹೋದ. ಆಗ ಕೆಟ್ಟಿತ್ತು, ಕೊಟ್ಟೆ. ಈಗ ಚೆನ್ನಾಗೈತೆ, ಅದಕ್ಕೇ ಕೇಳ್ತಾನೆ. ಮಗುನ ಏನು ಹೊದಿಸಿ ಮಲಗಿಸ್ಲಿ? ಕೊಡಲ್ಲ ಅಂತಾಳೆ.”

ದೊರೆ ಮುಂದೆ ಬಾಗಿ ಕಂಬಳಿಯ ಒಂದು ತುದಿಯನ್ನು ಎರಡು ಬೆರಳಿನಿಂದ ಹಿಡಿದು ನೋಡಿದ. ಅವಳು ಎಳೆದುಕೊಂಡಳು. ಅವನು ಬಿಟ್ಟ. ಮುನಿಯಪ್ಪನಿಗೆ ನಾಲ್ಕೇ ಮಾತು ಹೇಳಿ, ಮಳೆಯಲ್ಲೇ ಕಚೇರಿಯ ಕಡೆಗೆ ಹೊರಟುಹೋದ.

“ಇನ್ನ ನೋಡೋದು ಏನೂ ಇಲ್ವಂತೆ. ಮುಂದಿನ ಏಪ್ರಿಲಿಗೆ ಇಡೀ ತೋಟಕ್ಕೆ ಕಂಬ್ಳಿ ಬೇಕು ಅಂತ ಬರಕೊಡ್ತಾರಂತೆ” ಎಂದ ಮುನಿಯಪ್ಪ.

ನಾನು ಕಾಕಾನ ಎರಡೂ ಭುಜ ಹಿಡಿದು ಅಲುಗಿಸಿದೆ. “ಗೆದ್ವಿ ಕಾಕಾ! ನಿಮ್ಮ ಮಗ್ಗ ಉಳದ್ವು! ಇಡೀ ತೋಟ!”

ಕಾಕಾ ನನ್ನ ಕೈಗಳನ್ನು ಸರಿಸಿದರು. ಅವರ ಕಣ್ಣು ಹೊಸಿಲ ಮೇಲಿತ್ತು. ಮುತ್ತಮ್ಮ ಇನ್ನೂ ಹಾಗೆಯೇ ನಿಂತಿದ್ದಳು, ಅವಳ ಬೆರಳ ಗಂಟುಗಳು ಬೆಳ್ಳಗಾಗಿದ್ದವು.

“ಅದೆಲ್ಲಾ ಆಮ್ಯಾಲ ಹೇಳವಂತಿ. ಆಕಿ ಅಂಜ್ಯಾಳ. ನಾವು ಒಯ್ಯಾಕ ಬಂದಿಲ್ಲ, ಅದು ಆಕೀದ ಅಂತ ಮೊದಲ ಆಕೀಗೆ ಹೇಳಸೋ.”

ಮುನಿಯಪ್ಪ ಹೇಳಿದ. ಅವಳು ನಂಬದೆ ಕಾಕಾನ ಮುಖವನ್ನೇ ನೋಡಿದಳು. ಕಾಕಾ ತಲೆಯಾಡಿಸಿದರು. ಮೆಲ್ಲಗೆ ಅವಳ ಮುಷ್ಟಿ ಸಡಿಲಾಯಿತು. ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ನಾವು ಮೂವರೂ ಮಳೆಯಿಂದ ಒಳಗೆ ಬರಲೆಂದು ಬಾಗಿಲ ಒಂದು ಬದಿಗೆ ಸರಿದು ನಿಂತಳು.